ನೆಲದ ನೆನಪು: ಚಂದಾಪುರದ ಸೀಮೆಯ ಸ್ಥಳಸ್ಮೃತಿ ಸಂಗ್ರಹ



ಚರಿತ್ರೆಯೆಂದೊಡನೆ ರಾಜ್ಯಗಳ ಏಳುಬೀಳು, ಅರಸರ ವಂಶಾವಳಿ, ಯುದ್ಧಗಳ ತೇದಿ ಇವೇ ನಮ್ಮ ಕಣ್ಣ ಮುಂದೆ ನಿಲ್ಲುವುದು ವಾಡಿಕೆ. ಆದರೆ ಒಂದು ಊರಿನವರು ತಮ್ಮ ಕೆರೆ, ಕಟ್ಟೆ, ಬಾವಿ, ಗುಂಡುತೋಪು, ಕಾಲುದಾರಿ, ಜಾತ್ರೆಯ ಬಯಲುಗಳ ವಿಷಯವಾಗಿ ತಲೆಯಿಂದ ತಲೆಗೆ ಹೇಳಿಕೊಂಡು ಬಂದ ಮಾತೂ ಚರಿತ್ರೆಯ ಸಾಮಗ್ರಿಯೇ ಸರಿ. ಅದರ ಬಹುಪಾಲು ಯಾವ ಸರಕಾರಿ ಕಡತದಲ್ಲಿಯೂ ಇಲ್ಲ. ಹಿರಿಯರ ನಾಲಗೆಯ ಮೇಲಿದೆ. ಆ ಹಿರಿಯರು ಕಣ್ಮುಚ್ಚಿದ ದಿನ ಅದೂ ಮುಗಿಯುತ್ತದೆ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಆನೇಕಲ್ಲಿನ ದಾರಿ ಕವಲೊಡೆಯುವ ಚಂದಾಪುರದ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು, ಇಂತಹ ನೆನಪುಗಳನ್ನು ಊರವರೇ ಕೂಡಿ ಹೇಗೆ ಸಂಗ್ರಹಿಸಬಹುದು, ಏಕೆ ಸಂಗ್ರಹಿಸಬೇಕು ಎಂಬುದನ್ನು ತಮ್ಮೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಸೀಮೆಯ ಹಳಮೆ

ಇಂದು ಈ ಸೀಮೆಯನ್ನು ಕಂಡವರಿಗೆ ಇದು ನಿನ್ನೆ ಮೊನ್ನೆ ಹುಟ್ಟಿದ ಪಟ್ಟಣವೆಂದು ತೋರಿದರೆ ಆಶ್ಚರ್ಯವಿಲ್ಲ. ೧೯೭೮ರಲ್ಲಿ ಕರ್ನಾಟಕ ಸರಕಾರದ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಮುಂದಾಳ್ತನದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಅನಂತರ ಬೊಮ್ಮಸಂದ್ರ, ಹೆಬ್ಬಗೋಡಿ, ಜಿಗಣಿಗಳಲ್ಲಿ ಕಾರ್ಖಾನೆಗಳೆದ್ದವು. ೨೦೧೦ರಲ್ಲಿ ಹೆದ್ದಾರಿಯ ಮೇಲೊಂದು ಹೆದ್ದಾರಿ ಎದ್ದು ನಿಂತಿತು. ೨೦೨೫ರ ಆಗಸ್ಟ್ ತಿಂಗಳಿನಲ್ಲಿ ಮೆಟ್ರೊ ರೈಲು ಬೊಮ್ಮಸಂದ್ರದವರೆಗೆ ಬಂದಿತು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟಗಳಿದ್ದಲ್ಲಿ ಬಡಾವಣೆಗಳು ಬೆಳೆದವು. ಇದೆಲ್ಲವೂ ಒಬ್ಬ ಮನುಷ್ಯನ ಆಯುಷ್ಯದೊಳಗೆ ನಡೆದ ಸಂಗತಿ.

ಆದರೆ ಈ ನೆಲದ ಹೆಸರುಗಳು ಹೊಸವಲ್ಲ. ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಪ್ರಸಿದ್ಧ ವೀರಗಲ್ಲನ್ನು ತಮ್ಮಲ್ಲಿ ಹಲವರು ನೋಡಿರಬಹುದು. ನಾಗತ್ತರನೆಂಬ ವೀರನು ಕಾಳಗದಲ್ಲಿ ಮಡಿದನೆಂದೂ, ಅದನ್ನು ಕೇಳಿದ ಎರೆಯಪ್ಪ ಅರಸನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ದತ್ತಿಯಾಗಿ ಕೊಟ್ಟನೆಂದೂ ಆ ಕಲ್ಲು ಹೇಳುತ್ತದೆ. ಬೆಂಪೂರೆಂದರೆ ಇಂದಿನ ಬೇಗೂರು. ಕೊಟ್ಟ ಊರುಗಳ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದ್ದಾರೆ. ಆ ಪಟ್ಟಿಯಲ್ಲಿ ತೊವಗೂರು ಇದೆ, ಇಗ್ಗಲೂರು ಇದೆ, ಕೂಡಲೆ ಇದೆ. ಎಲೆಕ್ಟ್ರಾನಿಕ್ ಸಿಟಿಯ ತೋಗೂರನ್ನೂ, ಚಂದಾಪುರಕ್ಕೆ ಹೊಂದಿಕೊಂಡ ಇಗ್ಗಲೂರನ್ನೂ, ಕೂಡ್ಲು ಗ್ರಾಮವನ್ನೂ ಬಲ್ಲವರಿಗೆ ಈ ಹೆಸರುಗಳ ಸಾಮ್ಯವನ್ನು ಯಾರೂ ಎತ್ತಿ ತೋರಿಸಬೇಕಾಗಿಲ್ಲ. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಕಲ್ಲುಕುಟಿಗನು ಕೊರೆದ ಊರ ಹೆಸರುಗಳು ಇಂದು ಬಸ್ಸಿನ ಹಲಗೆಯ ಮೇಲೆ ಓಡಾಡುತ್ತಿವೆ. ನಡುವಣ ಶತಮಾನಗಳಲ್ಲಿ ಅವುಗಳನ್ನು ಕಾಪಾಡಿದವರಾರು? ಅರಸು ಮನೆತನಗಳು ಅಳಿದುಹೋದವು. ಅಲ್ಲಿ ಉತ್ತವರು, ಬಿತ್ತವರು, ನೀರು ಹೊತ್ತವರು ದಿನದಿನವೂ ಬಾಯಲ್ಲಿ ಆಡಿ ಆ ಹೆಸರುಗಳನ್ನು ಉಳಿಸಿದರು.

ಕಲ್ಲಿಗೂ ಬೇಕು ನೆನಪಿನ ನೆರವು

ಬರಹವಿದ್ದ ಮೇಲೆ ನೆನಪೇಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ಬಿ. ಎಲ್. ರೈಸ್ ಅವರ ಮಹಾಕಾರ್ಯದಲ್ಲಿಯೇ ಅಡಗಿದೆ. ಬೆಂಗಳೂರಿನಲ್ಲಿಯೇ ಹುಟ್ಟಿ, ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಆ ವಿದ್ವಾಂಸರು ಸಾವಿರಾರು ಶಾಸನಗಳನ್ನು ಪ್ರತಿಮಾಡಿಸಿ 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಮಾಲೆಯಲ್ಲಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಗೆ ಸಂಬಂಧಿಸಿದ ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಹೊರಬಂದಿತು; ಆನೇಕಲ್ಲು ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ.

ಆ ಸಂಪುಟಗಳಲ್ಲಿ ಪ್ರತಿಯೊಂದು ಶಾಸನದ ತಲೆಬರಹವಾಗಿ ಅದಿರುವ ಜಾಗವನ್ನು ಕೊಟ್ಟಿದೆ. ಇಂಥ ಊರಿನ ಕೆರೆಯ ಏರಿಯ ಮೇಲೆ, ಇಂಥ ಗುಡಿಯ ಮುಂದೆ, ಇಂಥವರ ಹೊಲದಲ್ಲಿ ಎಂಬುದೇ ಅದರ ರೀತಿ. ನೂರು ವರ್ಷಗಳ ಹಿಂದೆ ಈ ವಿಳಾಸ ಸಾಕಾಗಿತ್ತು. ಊರಿಗೆ ಹೋಗಿ ಇಂಥವರ ಹೊಲವೆಲ್ಲಿ ಎಂದರೆ ದನ ಕಾಯುವ ಹುಡುಗನೂ ಕೈ ತೋರಿಸುತ್ತಿದ್ದನು. ಇಂದು ಆ ಹೊಲ ಯಾವ ಬಡಾವಣೆಯ ಎಷ್ಟನೆಯ ಅಡ್ಡರಸ್ತೆಯಾಗಿದೆಯೋ ಹೇಳುವವರು ವಿರಳ. ಅಚ್ಚಾದ ಪುಸ್ತಕ ಭದ್ರವಾಗಿದೆ, ಅದರ ವಿಳಾಸ ಮಾತ್ರ ಮೂಕವಾಗಿದೆ. ಬರಹವು ನೆಲವನ್ನು ಮುಟ್ಟಬೇಕಾದರೆ ನಡುವೆ ಬಲ್ಲವನೊಬ್ಬನ ನೆನಪು ಬೇಕು.

ಇದನ್ನು ಪ್ರತ್ಯಕ್ಷವಾಗಿ ಕಂಡವರು ಬೆಂಗಳೂರಿನ ಶಾಸನಾಸಕ್ತರು. ಈಚಿನ ವರ್ಷಗಳಲ್ಲಿ ಪಿ. ಎಲ್. ಉದಯಕುಮಾರ್ ಮೊದಲಾದವರು ರೈಸರ ಪಟ್ಟಿಯನ್ನು ಹಿಡಿದು ಶಾಸನಗಳನ್ನು ಹುಡುಕಲು ಹೊರಟರು. ಅವರಲ್ಲಿ ಬಹುಮಂದಿ ವೃತ್ತಿಯಿಂದ ಇತಿಹಾಸಕಾರರಲ್ಲ. ಬಿಡುವಿನ ವೇಳೆಯಲ್ಲಿ ದುಡಿದ ನಾಗರಿಕರು. ಹಲವು ಕಲ್ಲುಗಳು ಹೇಳಿದ ಜಾಗದಲ್ಲಿ ಇರಲಿಲ್ಲ. ಕೆಲವು ಚರಂಡಿಯ ಪಕ್ಕದಲ್ಲಿಯೂ ಮಣ್ಣಿನ ಅಡಿಯಲ್ಲಿಯೂ ಸಿಕ್ಕಿದವು. ಪಟ್ಟಿಯಲ್ಲಿಲ್ಲದ ಹೊಸ ಶಾಸನಗಳೂ ದೊರೆತವು. ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಕ್ರಿ. ಶ. ಸುಮಾರು ೭೫೦ರದು; ಸ್ಥಳೀಯರ ಮತ್ತು ಉತ್ಸಾಹಿಗಳ ನೆರವಿನಿಂದ ಅದಕ್ಕೊಂದು ಮಂಟಪವೂ ಆಯಿತು. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ೨೦೨೧ರಿಂದ ಈ ಕಾರ್ಯವನ್ನು ಕೈಗೆತ್ತಿಕೊಂಡು, ಬೆಂಗಳೂರಿನ ಸುತ್ತಣ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದಿಂದ ತೆಗೆಸುತ್ತ, ಪ್ರತಿ ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ದಾಖಲಿಸುತ್ತ ಬಂದಿದೆ. ಕಲ್ಲಿಗೆ ದೊರೆತ ಈ ಭಾಗ್ಯವು ಮಾತಿಗೂ ದೊರೆಯಬೇಕು ಎಂಬುದೇ ನಮ್ಮ ವಾದದ ತಿರುಳು.

ಹಿಂದಿನವರು ಹಾಕಿದ ಮೇಲ್ಪಂಕ್ತಿ

ಊರೂರಿನ ಮಾತನ್ನು ಬರೆದಿಡುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನೇಮಕವಾದ ಕಾಲಿನ್ ಮೆಕೆಂಜಿಯು ನೆಲವನ್ನು ಅಳೆದುದಷ್ಟೇ ಅಲ್ಲದೆ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ಮೂಲಕ ಊರಿನ ಹಿರಿಯರಿಂದಲೂ ಶಾನುಭೋಗರಿಂದಲೂ ಸ್ಥಳವೃತ್ತಾಂತಗಳನ್ನು ಬರೆಯಿಸಿದನು. ಕೈಫಿಯತ್ತುಗಳೆಂದು ಹೆಸರಾದ ಅವುಗಳಲ್ಲಿ ಕನ್ನಡದವುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ. ಇಂದು ಎಷ್ಟೋ ಪಾಳೆಯಗಾರರ ಮನೆತನಗಳ ವಿಷಯಕ್ಕೆ ಅವೇ ಮುಖ್ಯ ಆಧಾರ.

ಮನೆಯ ಮೂಲೆಯಲ್ಲಿದ್ದುದನ್ನು ಲೋಕದ ಮುಂದೆ ತಂದಿಟ್ಟ ಫ. ಗು. ಹಳಕಟ್ಟಿಯವರನ್ನು ಈ ಪತ್ರಿಕೆಯ ವಾಚಕರಿಗೆ ಪರಿಚಯಿಸಬೇಕಾದುದಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗೆ, ಮಠಮಠಕ್ಕೆ ಅಲೆದು, ಪೂಜೆಗೊಳ್ಳುತ್ತಿದ್ದರೂ ಓದುವವರಿಲ್ಲದ ತಾಡವೋಲೆಯ ಕಟ್ಟುಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅವರಿಗೆ ಓಲೆಗಳಾದರೂ ಇದ್ದವು. ನಾವು ಹೇಳುತ್ತಿರುವ ನೆನಪಿಗೆ ಓಲೆಯೂ ಇಲ್ಲ. ಆದುದರಿಂದ ಅವಸರ ಇನ್ನೂ ಹೆಚ್ಚು. ಎಚ್. ಎಲ್. ನಾಗೇಗೌಡರು ಜನಪದರ ಹಾಡುಗಳನ್ನು ಧ್ವನಿಮುದ್ರಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದೂ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವು ಗ್ರಾಮ ಚರಿತ್ರೆ ಕೋಶವೆಂಬ ಯೋಜನೆಯನ್ನು ಹಮ್ಮಿಕೊಂಡದ್ದೂ ಇದೇ ಪರಂಪರೆಯ ಮುಂದುವರಿಕೆಗಳು.

ಹೊರದೇಶದ ಒಂದು ಉದಾಹರಣೆಯನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ೧೯೩೭ರಿಂದ ೧೯೩೯ರವರೆಗೆ ಐರ್ಲೆಂಡ್ ದೇಶದ ಜಾನಪದ ಆಯೋಗವು ಶಾಲಾ ಮಕ್ಕಳಿಗೇ ಈ ಕೆಲಸವನ್ನು ಒಪ್ಪಿಸಿತು. ಸುಮಾರು ೫,೦೦೦ ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಗಳ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನೂ ನೆರೆಹೊರೆಯವರನ್ನೂ ಕೇಳಿ, ತಮ್ಮ ಊರಿನ ಬಾವಿ, ಹಳೆಯ ದಾರಿ, ಸಂತೆ, ಕ್ಷಾಮ, ಕಸಬುಗಳ ವಿಷಯವನ್ನು ನೋಟ್ ಪುಸ್ತಕಗಳಲ್ಲಿ ಬರೆದರು. ಹಾಗೆ ಕೂಡಿದ ಪುಟಗಳು ಸುಮಾರು ೭,೪೦,೦೦೦. ಹೇಳಿದವರಲ್ಲಿ ಒಬ್ಬರೂ ಇಂದು ಬದುಕಿರಲಾರರು. ಅವರ ಮಾತು ಊರಿನ ಹೆಸರಿನೊಡನೆ ಉಳಿದಿದೆ. ಹಣವಂತ ದೇಶವೆನ್ನಲಾಗದ ಆ ನಾಡು ಮಕ್ಕಳ ಕೈಬರಹದಿಂದ ಸಾಧಿಸಿದ್ದನ್ನು, ಇಷ್ಟೊಂದು ಶಾಲೆ, ಪ್ರಸಾದನಿಲಯಗಳನ್ನು ಕಟ್ಟಿಕೊಂಡಿರುವ ನಾವು ಸಾಧಿಸಲಾರೆವೆ?

ನೀರು ಹರಿದ ದಾರಿ

ಇದು ಕೇವಲ ಅಭಿಮಾನದ ಮಾತೆಂದು ಯಾರೂ ಭಾವಿಸಬಾರದು. ಚಂದಾಪುರದ ಕೆರೆಯನ್ನೇ ತೆಗೆದುಕೊಳ್ಳೋಣ. ಅದರ ಮಾಲಿನ್ಯವನ್ನು ತಡೆಯಲಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೨೨ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರಕ್ಕೆ ೫೦೦ ಕೋಟಿ ರೂಪಾಯಿಗಳ ಪರಿಹಾರದ ಹೊಣೆಯನ್ನು ವಿಧಿಸಿತು. ಕೆರೆಯ ಪ್ರಶ್ನೆ ನ್ಯಾಯಪೀಠದ ಮುಂದೆ ಹೋದಾಗ ಏಳುವ ಮೊದಲ ಮಾತುಗಳು ಯಾವುವು? ನೀರು ಎಲ್ಲಿಂದ ಬರುತ್ತಿತ್ತು, ಕಾಲುವೆ ಎಷ್ಟು ಅಗಲವಿತ್ತು, ಕೋಡಿ ಎಲ್ಲಿ ಬೀಳುತ್ತಿತ್ತು ಎಂಬವು. ಗ್ರಾಮನಕ್ಷೆಯಲ್ಲಿ ಒಂದು ಗೆರೆ ಇರಬಹುದು. ಆದರೆ ಆ ಗೆರೆಯ ಮೇಲೆ ಮಳೆಗಾಲದಲ್ಲಿ ನೀರು ಎಷ್ಟು ಎತ್ತರಕ್ಕೆ ಏರುತ್ತಿತ್ತು, ಯಾವ ವರ್ಷದಿಂದ ಅದರ ಬಣ್ಣ ಬದಲಾಯಿತು, ಯಾವಾಗ ಮೀನು ಸತ್ತು ತೇಲಿದವು, ಯಾವಾಗ ಅಗಸರು ಬಟ್ಟೆ ಒಗೆಯುವುದನ್ನು ಬಿಟ್ಟರು ಎಂಬುದನ್ನು ಹೇಳಬಲ್ಲವರು ಆ ದಂಡೆಯಲ್ಲಿ ಬಾಳಿದವರು. ನೀರುಗಂಟಿಯ ಮನೆಯವರಿಗೆ ತಿಳಿದಿದ್ದ ತೂಬಿನ ಲೆಕ್ಕಾಚಾರ ಯಾವ ಕಚೇರಿಯಲ್ಲಿಯೂ ಇರುವುದಿಲ್ಲ.

ಆನೇಕಲ್ಲು ಸೀಮೆಯ ಕೆರೆಗಳು ಬಿಡಿಬಿಡಿಯಾದ ಹೊಂಡಗಳಲ್ಲ. ಮೇಲಿನದು ತುಂಬಿ ಕೆಳಗಿನದಕ್ಕೆ ಹರಿಯುವಂತೆ ನಮ್ಮ ಹಿರಿಯರು ಅವನ್ನು ಸರಪಳಿಯಂತೆ ಕಟ್ಟಿದ್ದಾರೆ. ಚಂದಾಪುರದ ನೀರಿಗೆ ಒದಗಿದ ಕೇಡು ಮುತ್ತಾನಲ್ಲೂರಿನ ಕೆರೆಯವರಿಗೂ ತಟ್ಟುತ್ತದೆ. ಸರಪಳಿಯ ಒಂದು ಕೊಂಡಿ ಎಲ್ಲಿತ್ತೆಂಬುದು ಮರೆತರೆ ಸಾಕು, ಅಲ್ಲಿ ಕಟ್ಟಡವೇಳುತ್ತದೆ. ಆಮೇಲೆ ಮಳೆ ಬಂದಾಗ ನೀರು ಮನೆಗೆ ನುಗ್ಗಿತೆಂದು ನಾವು ಮಳೆಯನ್ನು ದೂರುತ್ತೇವೆ. ಮರೆವು ಇಲ್ಲಿ ನಷ್ಟದ ಬಾಬು.

ಜಾತ್ರೆಯ ದಾರಿಗೂ ಇದೇ ಮಾತು ಸಲ್ಲುತ್ತದೆ. ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಣ ಗ್ರಾಮಗಳವರು ನೂರು ಅಡಿಗೂ ಮೀರಿದ ತೇರುಗಳನ್ನು ಎತ್ತುಗಳಿಂದ ಎಳೆಸಿಕೊಂಡು ಬರುತ್ತಾರೆ. ಪ್ರತಿಯೊಂದು ಊರಿನ ತೇರಿಗೂ ಒಂದು ದಾರಿ, ಒಂದೊಂದು ತಂಗುನೆಲೆ. ಗದ್ದೆ ಬಯಲುಗಳ ಕಾಲದಲ್ಲಿ ಗೊತ್ತಾದ ಆ ದಾರಿಗಳು ಇಂದು ತಂತಿ, ಗೋಡೆ, ಡಾಂಬರುಗಳ ನಡುವೆ ಹಾಯಬೇಕಾಗಿದೆ. ೨೦೨೪ರಲ್ಲಿ ತೇರೊಂದು ಉರುಳಿತು; ೨೦೨೫ರ ಮಾರ್ಚಿಯಲ್ಲಿ ಪ್ರಾಣಹಾನಿಯೂ ಸಂಭವಿಸಿತು. ತೇರು ಹಿಂದೆ ಎಲ್ಲಿ ತಿರುಗುತ್ತಿತ್ತು, ಎಷ್ಟು ಎತ್ತರವಿತ್ತು, ಎಂತಹ ಗಾಳಿಗೆ ನಿಲ್ಲಿಸುತ್ತಿದ್ದರು ಎಂಬ ಮಿಣಿ ಹಿಡಿದವರ ಅನುಭವವನ್ನು ಬರೆದಿಟ್ಟುಕೊಂಡರೆ ಭಕ್ತಿಗೂ ಭದ್ರತೆಗೂ ಉಪಕಾರವಾಗುತ್ತದೆ.

ಸಂಗ್ರಹದ ಕ್ರಮ

ಕಾರ್ಯವನ್ನು ಆರಂಭಿಸುವ ಬಗೆ ಹೇಗೆ? ಮೊದಲು ಸೀಮೆಯನ್ನು ಚಿಕ್ಕದಾಗಿ ಗೊತ್ತುಮಾಡಿಕೊಳ್ಳಬೇಕು. ಚಂದಾಪುರ, ಇಗ್ಗಲೂರು, ಹೀಲಲಿಗೆ, ಮುತ್ತಾನಲ್ಲೂರು ಇಷ್ಟು ಮೊದಲ ವರ್ಷಕ್ಕೆ ಸಾಕು. ಬಳಿಕ ಸ್ಥಳಗಳನ್ನು ವರ್ಗವರ್ಗವಾಗಿ ಪಟ್ಟಿಮಾಡಬೇಕು: ನೀರಿನ ಸ್ಥಳಗಳು, ದಾರಿಗಳು, ಪೂಜಾಸ್ಥಾನಗಳು, ಸ್ಮಶಾನಗಳು, ಹೊಲಗಳ ಹೆಸರುಗಳು, ಸಂತೆಯ ಮಾಳ, ಶಾಲೆ, ಕಾರ್ಖಾನೆ. ಸ್ಥಳವನ್ನು ಮುಂದಿಟ್ಟುಕೊಂಡು ಕೇಳಿದಾಗ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಿಮ್ಮ ಜೀವನಚರಿತ್ರೆ ಹೇಳಿ ಎಂದರೆ ಮೌನವಾಗುವ ಮುದುಕಿಯು, ಈ ಬಾವಿಯ ಕಟ್ಟೆಯ ಮೇಲೆ ನಿಂತು ಇಲ್ಲಿ ಯಾರು ಯಾರು ನೀರು ಸೇದುತ್ತಿದ್ದರು ಎಂದು ಕೇಳಿದರೆ ಗಂಟೆಗಟ್ಟಲೆ ಮಾತನಾಡುವಳು. ಆದುದರಿಂದ ಸಾಧ್ಯವಾದ ಮಟ್ಟಿಗೆ ಹೇಳುವವರನ್ನು ಆ ಜಾಗಕ್ಕೇ ಕರೆದೊಯ್ಯುವುದು ಉತ್ತಮ.

ಪ್ರತಿಯೊಂದು ನೆನಪಿಗೂ ಒಂದು ಚೀಟಿಯಿರಲಿ. ಅದರಲ್ಲಿ ಆರು ಅಂಶಗಳು ಅವಶ್ಯ: ಸ್ಥಳದ ಈಗಿನ ಹೆಸರು, ಹಿಂದಿನ ಹೆಸರು, ಸರ್ವೆ ನಂಬರು ಮತ್ತು ಅಕ್ಷಾಂಶ ರೇಖಾಂಶ, ಹೇಳಿದವರು, ಬರೆದುಕೊಂಡ ದಿನ, ಕಂಡದ್ದೋ ಕೇಳಿದ್ದೋ ಎಂಬ ವಿವರ. ಅಕ್ಷಾಂಶ ರೇಖಾಂಶಗಳನ್ನು ಇಂದು ಕೈಯಲ್ಲಿರುವ ಮೊಬೈಲ್ ಫೋನೇ ತೋರಿಸುತ್ತದೆ. ನಿಂತ ನೆಲದ ಸರ್ವೆ ನಂಬರನ್ನು ರಾಜ್ಯದ ದೂರಸಂವೇದಿ ಕೇಂದ್ರವು ಸಿದ್ಧಪಡಿಸಿದ ದಿಶಾಂಕ್ ಎಂಬ ತಂತ್ರಾಂಶದಿಂದ ತಿಳಿಯಬಹುದು. ಹಿಂದೆ ಮೋಜಣಿದಾರರ ದಂಡೇ ಬೇಕಾಗಿದ್ದ ಕೆಲಸ ಇಂದು ಒಬ್ಬ ವಿದ್ಯಾರ್ಥಿಗೆ ಸಾಧ್ಯ. ಮಾತನ್ನು ಹೇಳಿದ ಹಾಗೆಯೇ ಧ್ವನಿಮುದ್ರಿಸಿ, ಅವರ ಪದಗಳಲ್ಲಿಯೇ ಬರೆಯಬೇಕು, ತಿದ್ದಿ ಗ್ರಾಂಥಿಕಗೊಳಿಸಬಾರದು.

ಕಾಲನಿರ್ಣಯಕ್ಕೆ ವಿಶೇಷ ಜಾಗ್ರತೆ ಬೇಕು. ಹಿರಿಯರು ಇಸವಿಯನ್ನು ಹೇಳುವುದು ಕಡಮೆ. ಸಂವತ್ಸರವನ್ನೋ ಬರಗಾಲವನ್ನೋ ಹೇಳುತ್ತಾರೆ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಧಾತು ಸಂವತ್ಸರವೆಂದರೆ ಮಹಾಕ್ಷಾಮ ತಲೆದೋರಿದ ೧೮೭೬ ಆಗಬಹುದು, ೧೯೩೬ ಆಗಬಹುದು, ೧೯೯೬ ಆಗಬಹುದು. ಆದುದರಿಂದ ರಾಜ್ಯ ಒಂದಾದ ೧೯೫೬, ಕರ್ನಾಟಕವೆಂಬ ಹೆಸರು ಬಂದ ೧೯೭೩, ಎಲೆಕ್ಟ್ರಾನಿಕ್ ಸಿಟಿ ಬಂದ ೧೯೭೮ ಇಂತಹ ಗೊತ್ತಾದ ಗುರುತುಗಳ ಹಿಂದೋ ಮುಂದೋ ಎಂದು ಕೇಳಿ ತಾಳೆ ನೋಡಬೇಕು.

ಕಥೆಯೂ ಕಲ್ಲೂ

ನೆನಪೆಲ್ಲವೂ ನಿಜವೆಂದು ನಂಬುವುದು ತಪ್ಪು. ನಿಜವಲ್ಲವೆಂದು ಬಿಸುಡುವುದೂ ತಪ್ಪು. ಬೆಂಗಳೂರಿನ ಹೆಸರೇ ಇದಕ್ಕೆ ನಿದರ್ಶನ. ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟದ್ದರಿಂದ ಬೆಂದಕಾಳೂರಾಯಿತೆಂಬ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಬಲ್ಲಾಳನು ಹನ್ನೆರಡನೆಯ ಶತಮಾನದ ಕೊನೆಯವನು. ಬೇಗೂರಿನ ದೇವಾಲಯದ ಆವರಣದಲ್ಲಿರುವ, ಕ್ರಿ. ಶ. ಸುಮಾರು ೮೯೦ರ ವೀರಗಲ್ಲೊಂದರಲ್ಲಿ ಬೆಂಗಳೂರ ಕಾಳಗವು ಆಗಲೇ ಉಲ್ಲೇಖಗೊಂಡಿದೆ. ಕಥೆಗಿಂತ ಹೆಸರು ಮೂರು ಶತಮಾನ ಹಳೆಯದು. ಹಾಗೆಂದು ಕಥೆ ನಿರರ್ಥಕವಲ್ಲ. ಅರಸನಿಗಿಂತ ಅನ್ನವಿಟ್ಟವಳು ದೊಡ್ಡವಳೆಂದು ಒಂದು ಜನಸಮುದಾಯ ಬಗೆದಿತ್ತೆಂಬುದಕ್ಕೆ ಅದು ಸಾಕ್ಷಿ. ಎರಡನ್ನೂ ಬರೆದಿಟ್ಟು, ಯಾವುದು ಯಾವುದೆಂದು ಗುರುತು ಹಾಕಿಟ್ಟರೆ ಮುಂದಿನವರು ವಿವೇಚಿಸಿಕೊಳ್ಳುವರು. ಒಂದೇ ಸ್ಥಳದ ಬಗ್ಗೆ ಇಬ್ಬರು ಬೇರೆ ಬೇರೆ ಹೇಳಿದರೆ ಎರಡು ಚೀಟಿಗಳಾಗಲಿ. ತೀರ್ಪು ಕೊಡುವ ಅಧಿಕಾರ ಸಂಗ್ರಾಹಕನದಲ್ಲ.

ಯಾರನ್ನು ಕೇಳಬೇಕೆಂಬುದೂ ಮುಖ್ಯ. ಊರ ಗೌಡರು, ಶಾನುಭೋಗರು, ಮಠದ ಹಿರಿಯರು ಇವರನ್ನಷ್ಟೇ ಕೇಳಿದರೆ ಊರಿನ ಒಂದು ಬೀದಿಯ ನೆನಪು ದೊರೆತೀತು. ತೋಟಿ, ನೀರುಗಂಟಿ, ಕುರಿ ಕಾಯುವವರು, ಸೂಲಗಿತ್ತಿ, ರೇಷ್ಮೆಯ ಹುಳು ಸಾಕಿದ ಹೆಣ್ಣುಮಕ್ಕಳು, ಊರ ಹೊರಗೆ ಇರಿಸಲ್ಪಟ್ಟವರು ಇವರೆಲ್ಲರ ಮಾತೂ ಬೇಕು. ಯಾವ ಬಾವಿಯ ನೀರನ್ನು ಯಾರಿಗೆ ನಿರಾಕರಿಸಲಾಗಿತ್ತೆಂಬುದು ಕೇಳಲು ಹಿತವಾದ ಮಾತಲ್ಲದಿರಬಹುದು. ಆದರೆ ಶರಣರ ಹೆಸರು ಹೇಳುವ ನಾವು ಅದನ್ನು ಕೇಳಿಸಿಕೊಳ್ಳಲು ಹಿಂಜರಿಯಬಾರದು. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದಿಂದಲೂ ನೆರೆಯ ರಾಜ್ಯಗಳಿಂದಲೂ ದೂರದ ಒಡಿಶಾ ಬಿಹಾರಗಳಿಂದಲೂ ಬಂದು ನೆಲೆಸಿದವರೂ ಇಂದು ಈ ನೆಲದ ಮಕ್ಕಳೇ. ಮೊದಲ ಕಾರ್ಖಾನೆಯ ಕೊಳಾಯಿ ಊದಿದ ದಿನ, ಬಾಡಿಗೆಯ ಕೋಣೆಗಳ ಸಾಲು ಎದ್ದ ವರ್ಷ ಇವುಗಳ ಚರಿತ್ರೆ ಅವರಲ್ಲಿದೆ.

ಒಂದೆರಡು ಎಚ್ಚರಿಕೆಗಳನ್ನು ಸೂಚಿಸಿ ಮುಂದುವರಿಯುತ್ತೇನೆ. ಹೇಳಿದವರ ಒಪ್ಪಿಗೆಯಿಲ್ಲದೆ ಹೆಸರನ್ನೂ ಧ್ವನಿಯನ್ನೂ ಬಹಿರಂಗಪಡಿಸಬಾರದು. ಜಮೀನಿನ ವ್ಯಾಜ್ಯ, ಕುಲದ ನಿಂದೆ, ಮನೆತನದ ಗುಟ್ಟು ಇವು ಸಂಗ್ರಹಕ್ಕೆ ಬಂದರೂ ಪ್ರಕಟಣೆಗೆ ಬರತಕ್ಕವಲ್ಲ. ನೆಲದ ಬೆಲೆ ಏರಿರುವ ಈ ಸೀಮೆಯಲ್ಲಿ ಚೀಟಿಯೊಂದು ಯಾರದೋ ಕೈಯಲ್ಲಿ ಆಯುಧವಾಗದಂತೆ ನೋಡಿಕೊಳ್ಳಬೇಕು. ಸಂಗ್ರಹದ ಪ್ರತಿಗಳು ಒಂದೇ ಕಡೆ ಇರಬಾರದು. ಶಾಲೆಯಲ್ಲೊಂದು, ಸಾರ್ವಜನಿಕ ಗ್ರಂಥಾಲಯದಲ್ಲೊಂದು, ವಿದ್ವತ್ಸಂಸ್ಥೆಯಲ್ಲೊಂದು ಇರಲಿ. ವರ್ಷಕ್ಕೊಮ್ಮೆ ಊರವರನ್ನು ಕೂಡಿಸಿ ಬರೆದುದನ್ನು ಅವರ ಮುಂದೆ ಓದಬೇಕು. ತಪ್ಪಿದ್ದರೆ ಅವರೇ ತಿದ್ದುವರು. ಮರೆತದ್ದು ನೆನಪಾಗಿ ಇನ್ನಷ್ಟು ಸೇರಿಸುವರು.

ವಾಚಕರಲ್ಲಿ ವಿನಂತಿ

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಉಪಾಧ್ಯಾಯರು; ಅನೇಕರು ಮಠದ ಪ್ರಸಾದನಿಲಯಗಳಲ್ಲಿ ಓದಿ ಇಂದು ಬೆಂಗಳೂರಿನ ಸುತ್ತಣ ಕೈಗಾರಿಕೆಗಳಲ್ಲಿಯೂ ಕಚೇರಿಗಳಲ್ಲಿಯೂ ಉದ್ಯೋಗದಲ್ಲಿರುವವರು. ಉಪಾಧ್ಯಾಯರು ತಮ್ಮ ತರಗತಿಯ ಮಕ್ಕಳಿಗೆ ಒಂದು ಬೇಸಗೆಯ ರಜೆಯಲ್ಲಿ ತಲಾ ಐದು ಚೀಟಿಗಳನ್ನು ಬರೆಯಲು ಹೇಳಲಿ. ನಲವತ್ತು ಮಕ್ಕಳಿಂದ ಇನ್ನೂರು ಸ್ಥಳಗಳ ನೆನಪು ದೊರೆಯುತ್ತದೆ. ಯಂತ್ರಜ್ಞಾನ ಬಲ್ಲ ಹಳೆಯ ವಿದ್ಯಾರ್ಥಿಗಳು ಅವುಗಳನ್ನು ನಕ್ಷೆಯ ಮೇಲೆ ಕೂಡಿಸಿಕೊಡಲಿ. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಬೇಕಾದದ್ದು ವಾರಕ್ಕೊಂದು ಸಂಜೆ ಮತ್ತು ಕೇಳುವ ಕಿವಿ. ಚಂದಾಪುರದಲ್ಲಿ ವಾಸವಿಲ್ಲದವರು ತಮ್ಮ ತಮ್ಮ ಊರುಗಳಲ್ಲಿ ಇದೇ ಕ್ರಮವನ್ನು ಅನುಸರಿಸಬಹುದು.

ಇರುಗನಿಗೆ ಊರುಗಳನ್ನು ಕೊಟ್ಟ ಅರಸನು ಅವುಗಳ ಹೆಸರನ್ನು ಕಲ್ಲಿನಲ್ಲಿ ಬರೆಸಿದ್ದರಿಂದ ನಮಗೆ ಇಗ್ಗಲೂರಿನ ಹಳಮೆ ತಿಳಿಯಿತು. ನಾವು ಪಡೆದ ಊರುಗಳನ್ನು ಮುಂದಿನವರಿಗೆ ಒಪ್ಪಿಸುವಾಗ ಕೆರೆ ಎಲ್ಲಿತ್ತು, ದಾರಿ ಎಲ್ಲಿತ್ತು, ಇಲ್ಲಿ ಯಾರು ಬಾಳಿದರು ಎಂಬಷ್ಟನ್ನಾದರೂ ಬರೆದು ಒಪ್ಪಿಸುವುದು ನಮ್ಮ ಹೊಣೆ. ತಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಮೊದಲ ಚೀಟಿಯನ್ನು ಈ ತಿಂಗಳಲ್ಲಿಯೇ ಬರೆಯಿರೆಂದು ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುತ್ತೇನೆ.